ಎಸ್‌ಜಿಪಿಟಿ ಹೆಚ್ಚಿದೆಯೇ? ಟಾನಿಕ್‌ಗಿಂತ ಮೊದಲು ಕಾರಣ ಹುಡುಕಿ

ಮಾನ್ಯರೇ,

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಯಕೃತ್ತಿನ (ಲಿವರ್) ಕಿಣ್ವಗಳಾದ ಎಸ್‌ಜಿಪಿಟಿ, ಎಸ್‌ಜಿಒಟಿ ಎದುರು 70, 90 ಎಂದು ದಪ್ಪಕ್ಷರದಲ್ಲಿ ಕಂಡೊಡನೆ, ವೈದ್ಯರನ್ನೂ ಕಾಣದೆ ನಮ್ಮ ಔಷಧ ಅಂಗಡಿಗೆ ಬಂದು ‘ಲಿವರ್ ಟಾನಿಕ್ ಕೊಡಿ’ ಎನ್ನುವವರು ಹೆಚ್ಚುತ್ತಿದ್ದಾರೆ. ಇದು ನನ್ನನ್ನು ಬಹಳ ಚಿಂತೆಗೆ ಹಚ್ಚಿದೆ.

ಈ ಕಿಣ್ವಗಳು ಯಕೃತ್ತಿನ ಜೀವಕೋಶಗಳ ಒಳಗಿರುವಂಥವು. ಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಸಾಮಾನ್ಯವಾಗಿ ಲ್ಯಾಬ್‌ಗಳು 40ರ ಆಸುಪಾಸನ್ನು ಮೇಲಿನ ಮಿತಿಯಾಗಿ ಇಟ್ಟುಕೊಂಡಿರುತ್ತವೆ. ಟಾನಿಕ್ ಕುಡಿದ ಮೇಲೆ ಅಂಕಿ ಇಳಿದರೂ ಪೆಟ್ಟು ಬಿದ್ದದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ.

ಕುಡಿತವೊಂದೇ ಕಾರಣವೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮದ್ಯ ಮುಟ್ಟದವರೂ ಇದರಿಂದಾಗಿ ರಿಪೋರ್ಟು ತೋರಿಸಲು ಮುಜುಗರಪಡುತ್ತಾರೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆಯ ಜೊತೆ ಬರುವ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರುವುದು) ಈಗ ಬಹಳ ಸಾಮಾನ್ಯ. ಅಂಥವರು ತೂಕವನ್ನು ಶೇ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಉರಿಯೂತ ತಗ್ಗುತ್ತದೆ. ಯಾವ ಬಾಟಲಿಯೂ ಅದಕ್ಕೆ ಸಾಟಿಯಲ್ಲ. ಯಕೃತ್ತಿಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ ಮತ್ತು ಸಿ ವರ್ಷಗಟ್ಟಲೆ ಸುಳಿವೇ ಕೊಡದೆ ಇರಬಲ್ಲವು. ಇವೆರಡಕ್ಕೂ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಪರೀಕ್ಷೆ, ಚಿಕಿತ್ಸೆ ಇದೆ.

ನಾವು ಮಾರುವ ಮಾತ್ರೆಗಳೂ ಕಾರಣವಾಗಬಹುದು. ಜ್ವರಕ್ಕೆಂದು ಪ್ಯಾರಾಸಿಟಮಾಲ್ ನುಂಗುವವರು, ಅದೇ ಔಷಧ ಬೆರೆತ ನೆಗಡಿ ಮಾತ್ರೆಯನ್ನೂ ನುಂಗಿ, ಅರಿವಿಲ್ಲದೆ ಪ್ರಮಾಣ ಮೀರುತ್ತಾರೆ. ಕ್ಷಯದ ಔಷಧ ತೆಗೆದುಕೊಳ್ಳುವವರಿಗೆ ವಾಂತಿ, ಕಣ್ಣು ಹಳದಿಯಾಗುವುದು, ಕಡುಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಯಾವುದನ್ನು ನಿಲ್ಲಿಸಿ, ಯಾವುದನ್ನು ಮತ್ತೆ ಶುರು ಮಾಡಬೇಕೆಂಬುದು ವೈದ್ಯರ ತೀರ್ಮಾನ. ಮನೆಮದ್ದಿನ ಮಾತನ್ನಂತೂ ಯಾರೂ ಎತ್ತುವುದೇ ಇಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಷಾಯ, ಚೂರ್ಣ, ಜಿಮ್ಮಿನ ಪುಡಿ ಯಾವುದಿದ್ದರೂ ವೈದ್ಯರಿಗೆ ಹೇಳಲೇಬೇಕು. ಮೈಮುರಿಯುವ ವ್ಯಾಯಾಮ ಮಾಡಿದ್ದರೆ ಅದನ್ನೂ ಹೇಳಿ, ಏಕೆಂದರೆ ಎಸ್‌ಜಿಒಟಿ ಸ್ನಾಯುಗಳಲ್ಲೂ ಇದೆ.

‘ಹೆಲ್ತ್ ಚೆಕಪ್’ ಪ್ಯಾಕೇಜ್ ಮಾರುವ ಲ್ಯಾಬ್‌ಗಳು ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಎರಡೇ ಸಾಲು ಮುದ್ರಿಸಲಿ: ಸೇವಿಸುತ್ತಿರುವ ಎಲ್ಲ ಔಷಧಗಳೊಂದಿಗೆ ವೈದ್ಯರನ್ನು ಕಾಣಿ, ಹೆಪಟೈಟಿಸ್ ಪರೀಕ್ಷೆಯ ಬಗ್ಗೆ ಕೇಳಿ. ಆರೋಗ್ಯ ಇಲಾಖೆ ಇದನ್ನು ಕಡ್ಡಾಯಗೊಳಿಸಬೇಕು.

— ಒಬ್ಬ ಫಾರ್ಮಾಸಿಸ್ಟ್, ಹಾವೇರಿ