ಬಿಲ್ಲಿನಲ್ಲಿ ಮರದ ಹೆಸರಿರಲಿ, ಬಳಿದ ಬಣ್ಣದ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಮರದ ಸಾಮಾನುಗಳಿಗೆ ಮನೆಯಲ್ಲೇ ಬಣ್ಣ ಕೊಡುವುದು ಹೇಗೆ ಎಂದು ನಿಮ್ಮ ಮನೆ ಅಲಂಕಾರದ ಪುಟದಲ್ಲಿ ಈಚೆಗೆ ಬಂದ ಬರಹವನ್ನು ಓದಿದೆ. ವಾಲ್‌ನಟ್ ಸ್ಟೇನ್ ಎಂಬ ಮರದ ಬಣ್ಣದ ಡಬ್ಬಿಯೊಂದನ್ನು ತಂದು ಬಟ್ಟೆಯಲ್ಲಿ ಒರೆಸಿದರೆ ಒಂದೇ ಮಧ್ಯಾಹ್ನದಲ್ಲಿ ಎಂಥ ಮರವೂ ಕಂಗೊಳಿಸುತ್ತದೆ ಎಂದು ಅದರಲ್ಲಿತ್ತು. ನಾನು ತೀರ್ಥಹಳ್ಳಿಯಲ್ಲಿ 38 ವರ್ಷಗಳಿಂದ ಪಾಲಿಶ್ ಕೆಲಸ ಮಾಡಿಕೊಂಡಿರುವವನು. ಬಡಗಿಯಲ್ಲ, ಬಡಗಿ ಕೈ ತೊಳೆದುಕೊಂಡ ಮೇಲೆ ನನ್ನ ಕೈ ಕೊಳೆಯಾಗುತ್ತದೆ.

ಆ ಪುಟವನ್ನೇ ಹಿಡಿದುಕೊಂಡು ಒಬ್ಬ ಅಮ್ಮ ನನ್ನಲ್ಲಿಗೆ ಬಂದರು. ಅವರ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ, ಊಟದ ಮೇಜು ಮತ್ತು ಮಗನಿಗೊಂದು ಮಂಚ ಮಾಡಿಸಿದ್ದರು. ಎರಡಕ್ಕೂ ವಾಲ್‌ನಟ್ ಬಣ್ಣ ಬೇಕು ಎಂದರು. ವಾಲ್‌ನಟ್ ಎಂದರೆ ಅಕ್ರೋಟು, ಕಾಶ್ಮೀರದ ಕಡೆಯ ಮರ. ನಮ್ಮ ತಾಲ್ಲೂಕಿನಲ್ಲಿ ಅದರ ಕಾಯಿಯನ್ನು ತಿಂದವರುಂಟು, ಮರವನ್ನು ಕಂಡವರನ್ನು ನಾನು ಕಾಣೆ. ಕಾಣದ ಮರದ ಬಣ್ಣವನ್ನು ಹಿತ್ತಲಿನ ಹಲಸಿಗೆ ಬಳಿಯಬೇಕು!

ಬಣ್ಣ ಬಳಿಯುವುದೇ ತಪ್ಪು ಎನ್ನುತ್ತಿಲ್ಲ. ಹಾಗೆಂದರೆ ನನ್ನ ಮನೆಯ ಒಲೆ ಉರಿಯುವುದಿಲ್ಲ. ಆದರೆ ಆ ಬರಹದವರು ಬಿಟ್ಟ ಮಾತುಗಳನ್ನು ಯಾರಾದರೂ ಹೇಳಬೇಕಲ್ಲ.

ನಮ್ಮ ಕಸುಬಿನಲ್ಲಿ ಮರದ ಬಣ್ಣ ಎರಡು ಬಗೆ. ಒಂದು ನೀರಿನಲ್ಲೋ ಸ್ಪಿರಿಟ್‌ನಲ್ಲೋ ಪೂರ್ತಿ ಕರಗುವಂಥದ್ದು. ಅದು ನಾರಿನೊಳಕ್ಕೆ ಇಳಿಯುತ್ತದೆ, ಮರದ ಗೆರೆಗಳು ತಿಳಿನೀರಿನ ತಳದಲ್ಲಿರುವಂತೆ ಕಾಣುತ್ತವೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಮಾತ್ರ ಬೇಗ ಪೇಲವವಾಗುತ್ತದೆ. ಇನ್ನೊಂದು ಕಾವಿಮಣ್ಣಿನಂಥ ಬಣ್ಣಗಳ ನುಣ್ಣನೆಯ ಪುಡಿ. ಅದು ಕರಗುವುದಿಲ್ಲ, ಮರದ ಸಣ್ಣ ರಂಧ್ರಗಳಲ್ಲಿ ಹೋಗಿ ಕೂರುತ್ತದೆ. ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಕೈ ತುಸು ಭಾರವಾದರೂ ಮರದ ಮುಖವೇ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಎರಡನ್ನೂ ಸ್ಟೇನ್ ಎಂದೇ ಕೊಡುತ್ತಾರೆ. ಡಬ್ಬಿಯನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು ಬೆಳಿಗ್ಗೆ ಕಡ್ಡಿಯಿಂದ ತಳ ಕೆರೆದು ನೋಡಿ. ಗಸಿ ಸಿಕ್ಕಿದರೆ ಅದರಲ್ಲಿ ಪುಡಿಯಿದೆ.

ಇನ್ನು ಒಂದೇ ಮಧ್ಯಾಹ್ನದ ಮಾತು. ಕೀಲು ಕೂಡಿಸುವಾಗ ಬಡಗಿಯ ಬೆರಳಿಗೆ ಮೆತ್ತಿದ ಅಂಟು ಹಲಗೆಗೆ ತಗುಲಿರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಬಣ್ಣ ಬಳಿದ ಕೂಡಲೇ ಅಲ್ಲಿ ಬೆಳ್ಳಗಿನ ಹೆಬ್ಬೆಟ್ಟಿನ ಗುರುತು ಎದ್ದು ಕೂರುತ್ತದೆ. ಹಲಗೆಯ ಅಡ್ಡ ಕೊಯ್ದ ತುದಿ ಬಾಯಾರಿದವನಂತೆ ಬಣ್ಣ ಕುಡಿದು ಕಪ್ಪಾಗುತ್ತದೆ. ಅದಕ್ಕೆ ಉಳಿದ ಭಾಗಕ್ಕಿಂತ ನಯವಾದ ಉಪ್ಪುಕಾಗದ ಹಾಕಿ, ಮೊದಲೇ ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಅರಗು ಕುಡಿಸಬೇಕು. ನೀರಿನ ಬಣ್ಣ ತಗುಲಿದರೆ ಮರದ ನವಿರು ನಿಮಿರಿ ಒರಟಾಗುತ್ತದೆ. ಹಾಗಾಗಿ ಮುಂಚೆಯೇ ಬರಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಉಜ್ಜಬೇಕು. ಮಳೆಗಾಲದಲ್ಲಂತೂ ನಾನು ಅರಗಿನ ಪಾಲಿಶ್ ಹಿಡಿಯುವುದೇ ಇಲ್ಲ. ಆಗುಂಬೆಯ ಪಕ್ಕದ ಊರು ನಮ್ಮದು, ಗಾಳಿಯ ತೇವಕ್ಕೆ ಪಾಲಿಶ್ ಬೂದಿ ಹಾರಿದಂತೆ ಬಿಳಿಚಿಕೊಳ್ಳುತ್ತದೆ.

ಇವೆಲ್ಲ ಕೆಟ್ಟರೆ ಮತ್ತೆ ಉಜ್ಜಿ ಸರಿಮಾಡಬಹುದು. ಸರಿಮಾಡಲಾಗದ ಒಂದನ್ನೂ ಆ ಬರಹ ಬಿಟ್ಟಿದೆ. ಅಗಸೆ ಎಣ್ಣೆ ಸೇರಿದ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಅದು ಬೆಂಕಿ ಸೋಕದೆಯೂ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಅಂಗಳದ ಹಗ್ಗಕ್ಕೆ ಹಾಕಿ ಒಣಗಿಸಬೇಕು, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು. ದಯವಿಟ್ಟು ಇದೊಂದನ್ನಾದರೂ ಅದೇ ಪುಟದಲ್ಲಿ ಅಚ್ಚು ಹಾಕಿ.

ನನಗೆ ಕೆಲಸ ಕಲಿಸಿದ ಯಜಮಾನರು ಕಪ್ಪು ಬಣ್ಣವನ್ನು ಎಂದೂ ಅಂಗಡಿಯಿಂದ ತಂದವರಲ್ಲ. ಹಳೆಯ ಲಾಳ, ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಎರಡು ಮೂರು ವಾರ ಕೊಳೆಯಲು ಬಿಡುತ್ತಿದ್ದರು. ಆ ಮಡಕೆಯ ವಾಸನೆಗೆ ಪಕ್ಕದ ದರ್ಜಿ ದಿನವೂ ಶಾಪ ಹಾಕುತ್ತಿದ್ದ. ಮರಕ್ಕೆ ಮೊದಲು ಅಳಲೆಕಾಯಿ ಕಷಾಯ ಬಳಿದು, ಒಣಗಿದ ಮೇಲೆ ಮಡಕೆಯ ನೀರನ್ನು ಸೋಸಿ ಬಳಿಯುವುದು. ಬಳಿದಾಗ ಮಾಸಲು ಬೂದಿ ಬಣ್ಣ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕಣ್ಣೆದುರೇ ಕಪ್ಪೇರುತ್ತಿತ್ತು. ಕಬ್ಬಿಣವೂ ಒಗರೂ ಸೇರಿದಾಗ ಹುಟ್ಟುವ ಕಪ್ಪು ಅದು. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಒಗರಿರುವ ಹಸಿ ಮರಕ್ಕೆ ಹೊಡೆದ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಅರಿಸಿನವನ್ನೂ ಅವರು ಸ್ಪಿರಿಟ್‌ನಲ್ಲಿ ನೆನೆಸಿ ಬಳಸುತ್ತಿದ್ದರು, ಆದರೆ ದೇವರ ಕೋಣೆಯ ಕತ್ತಲಲ್ಲಿರುವ ಮಣೆಗೆ ಮಾತ್ರ. ಬಿಸಿಲು ಕಂಡ ಅರಿಸಿನ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೈಸರ್ಗಿಕ ಬಣ್ಣವೆಲ್ಲ ಬಾಳಿಕೆಯದು ಎಂದು ಈಗ ಮಾರುವವರಿಗೆ ಗೊತ್ತಿದ್ದಂತಿಲ್ಲ.

ಈಗ ನನ್ನದೇ ತಪ್ಪಿನ ಸಂಗತಿ. ಸ್ವಂತ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ವ್ಯಾಪಾರಿ ಅಗ್ಗದ ಬಿಳಿ ಮರದ ಮಂಚವೊಂದನ್ನು ತಂದಿಳಿಸಿ, ಬೀಟೆಯಂತೆ ಕಾಣಬೇಕು ಎಂದ. ನೀರಿನ ಬಣ್ಣವನ್ನು ಗಾಢವಾಗಿ ಹಾಕಿದೆ, ಬೀಟೆಯ ಕಪ್ಪು ಗೆರೆಗಳನ್ನು ಕೋಳಿಪುಕ್ಕದಿಂದ ಎಳೆದೆ. ಹೆಮ್ಮೆಪಡುವಷ್ಟು ಚೆನ್ನಾಗಿ ಬಂದಿತ್ತು. ಕೊಟ್ಟ ದುಡ್ಡು ಕಡಿಮೆಯೆಂದು ಮೇಲಿನ ಪಾಲಿಶ್ ಮಾತ್ರ ಎರಡೇ ಕೈ ಹಾಕಿ ಮುಗಿಸಿದೆ. ಮಂಚ ಒಂದು ಮದುವೆಗೆ ಬಳುವಳಿಯಾಗಿ ಹೋಯಿತು. ವೈಶಾಖದ ಸೆಕೆ, ಬೆವರು. ವಾರದೊಳಗೆ ಬಿಳಿ ಹೊದಿಕೆಗೂ ದಿಂಬಿಗೂ ಕಂದು ಕಲೆ. ಹೆಣ್ಣಿನ ತಂದೆ ಹೇಗೋ ನನ್ನ ವಿಳಾಸ ಹುಡುಕಿ, ಮಂಚವನ್ನೇ ಟೆಂಪೋದಲ್ಲಿ ಹಾಕಿಕೊಂಡು ಬಂದರು. ಬೈಯಲಿಲ್ಲ. ಮಂಚವನ್ನು ಬೋರಲು ಹಾಕಿ, ಅಡಿಯ ಪಟ್ಟಿಯನ್ನು ಚಾಕುವಿನಿಂದ ಕೆರೆದು, ಆ ಬಿಳಿ ಹೊಟ್ಟನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮಣೆಯ ಮೇಲಿಟ್ಟರು. ಬೀಟೆಯ ದುಡ್ಡು ಕೊಟ್ಟಿದ್ದೇನೆ ಎಂದಷ್ಟೇ ಹೇಳಿದರು. ವ್ಯಾಪಾರಿ ಅದನ್ನು ಬೀಟೆಯೆಂದೇ ಮಾರಿದ್ದ. ನನಗೆ ಅದು ಮೊದಲೇ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಅಲ್ಲಿನ ಕೆಂಪು ಗೊಂಬೆಯನ್ನು ಕೆಂಪು ಮರದ್ದೆಂದು ಯಾರೂ ಮಾರುವುದಿಲ್ಲ. ಬೀಟೆಯ ಹಲಗೆಯನ್ನು ಕೆತ್ತಿ ಬೇರೆ ಮರದ ತುಂಡು ಕೂರಿಸಿ ಚಿತ್ರ ಮಾಡುವ ಮೈಸೂರಿನ ಕೆತ್ತುಜೋಡಣೆಯವರು ಬೇರೆ ಬೇರೆ ಬಣ್ಣ ಬೇಕಾದರೆ ಬೇರೆ ಬೇರೆ ಮರವನ್ನೇ ಹುಡುಕಿ ಕೂರಿಸುತ್ತಾರೆ. ಮೋಸವಿರುವುದು ಬಣ್ಣದಲ್ಲಲ್ಲ, ಹೆಸರಿನಲ್ಲಿ. ಇಂದು ಪೇಟೆಯ ಅಂಗಡಿಗಳಲ್ಲಿ ರಬ್ಬರ್ ಮರ, ಅಕೇಶಿಯಾ ಎಲ್ಲವೂ 'ತೇಗದ ಫಿನಿಶ್' ಎಂಬ ಚೀಟಿ ಹೊತ್ತು ನಿಂತಿವೆ. ಮನೆಗೆ ತಲುಪುವಷ್ಟರಲ್ಲಿ ಫಿನಿಶ್ ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಗಿ ತೇಗವೊಂದೇ ಉಳಿದಿರುತ್ತದೆ. ಕೊಳ್ಳುವವರು ಮೇಜನ್ನು ಬಗ್ಗಿ ಅಡಿಯಿಂದ ನೋಡಬೇಕು, ಒಂದು ಕಡೆ ಎತ್ತಿ ತೂಕ ನೋಡಬೇಕು. ಕಾಣದ ಕಡೆ ಚೂರು ಕೆರೆಯಲು ಅಂಗಡಿಯವರು ಒಪ್ಪಿದರೆ ಮೂಸಿಯೂ ನೋಡಬೇಕು; ತೇಗಕ್ಕೆ ತೊಗಲಿನಂಥ ಒಂದು ವಾಸನೆಯಿದೆ, ಅದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬಂಗಾರದ ಅಂಗಡಿಯವರು ಎಷ್ಟು ಕ್ಯಾರೆಟ್ ಎಂದು ಬರೆದುಕೊಡುವಂತೆ, ಮರದ ಸಾಮಾನಿನ ಬಿಲ್ಲಿನಲ್ಲೂ ಯಾವ ಮರ, ಬಣ್ಣ ಹಾಕಿದೆಯೇ, ಹಾಕಿದ್ದರೆ ಯಾವುದು ಎಂದು ಬರೆಯುವುದನ್ನು ಕಡ್ಡಾಯ ಮಾಡಲಿ. ನಮ್ಮಂಥವರನ್ನು ಕೇಳಿ ನಿಯಮ ಮಾಡುತ್ತಾರೆಂಬ ಭರವಸೆಯೇನೂ ನನಗಿಲ್ಲ. ಕೈಕಸುಬಿನವರಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾನೆ, ಬೀಗ ಮಾಡುವವನಿದ್ದಾನೆ, ಪಾಲಿಶಿನವನು ಇಲ್ಲ.

ಆ ಅಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಹಲಸಿನ ಚೇಗಿಗೆ, ಎಂದರೆ ಒಳಗಿನ ಗಟ್ಟಿ ಮರಕ್ಕೆ, ಹುಟ್ಟಿನಿಂದಲೇ ಹಳದಿ ಬಣ್ಣವಿದೆ, ಬೆಳಕು ಕಂಡಂತೆ ಅದು ತಾನಾಗಿ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ ಎಂದರೆ ಅವರು ನಂಬಲಿಲ್ಲ. ಅವರ ಮರದ್ದೇ ತುಂಡೊಂದರ ಅರ್ಧಕ್ಕೆ ಕಾಗದ ಸುತ್ತಿ ಒಂದು ತಿಂಗಳು ಬಿಸಿಲಿಗಿಟ್ಟೆ. ಸುತ್ತಿದ್ದು ನಿಮ್ಮ ಪತ್ರಿಕೆಯ ಅದೇ ಪುಟ, ನಾಲ್ಕು ಮಡಿಕೆ ಮಾಡಿ. ಬಿಚ್ಚಿದಾಗ ಮುಚ್ಚಿದ್ದ ಅರ್ಧ ಹಳದಿ, ತೆರೆದಿದ್ದ ಅರ್ಧ ಕಂದು. ಅವರು ಬಹಳ ಹೊತ್ತು ತಿರುಗಿಸಿ ನೋಡಿ, ಮೇಜಿಗೆ ಬಣ್ಣ ಬೇಡ ಎಂದರು. ಮಗ ಮಾತ್ರ ತನ್ನ ಮಂಚಕ್ಕೆ ವಾಲ್‌ನಟ್ಟೇ ಬೇಕೆಂದು ಹಟ ಹಿಡಿದ. ಬಳಿದುಕೊಟ್ಟೆ. ಬಿಲ್ಲಿನಲ್ಲಿ ಹೀಗೆ ಬರೆದೆ: 'ಮಂಚ ಒಂದು, ಹಲಸಿನದು, ವಾಲ್‌ನಟ್ ಬಣ್ಣ ಬಳಿದದ್ದು.'

— ಒಬ್ಬ ಪಾಲಿಶ್ ಕೆಲಸಗಾರ, ತೀರ್ಥಹಳ್ಳಿ