ಆಶಾನ್‌ಗೆ, ಮಾಷ್ಟ್ರಿಗೆ, ಗ್ಯಾರೇಜ್ ನೋಡಿಕೊಂಡವರಿಗೆ

ಸರ್ಟಿಫಿಕೇಟಿನ ಫೋಟೋವನ್ನು ಮಗಳು ಸ್ಟೇಟಸಿಗೆ ಹಾಕಿದ ಮೇಲೆ ಎರಡು ದಿನ ಫೋನಿಗೆ ಬಿಡುವಿರಲಿಲ್ಲ. ನಮ್ಮ ಕಾಸರಗೋಡಿನ ಪೆರ್ಲ, ಮುಳ್ಳೇರಿಯ, ನೀರ್ಚಾಲು, ಗಡಿಯಾಚೆ ಕರ್ನಾಟಕದ ವಿಟ್ಲದಿಂದಲೂ ಕರೆ ಬಂತು. ಗಾಡಿಯ ಅಡಿಯಲ್ಲಿದ್ದಾಗ ಬಂದ ಎಷ್ಟೋ ಕರೆಗಳನ್ನು ತೆಗೆಯಲಾಗಲಿಲ್ಲ. ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಿಕ್ಕಿದ್ದು ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿನ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್, ಅಂದರೆ ಎನ್‌ಟಿಸಿ. ಐಟಿಐಯಲ್ಲಿ 2 ವರ್ಷ ಕಲಿತವರು ಬರೆಯುವ ಪರೀಕ್ಷೆಯನ್ನೇ ಗ್ಯಾರೇಜಿನ ಅನುಭವ ತೋರಿಸಿ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು ಎಂಬುದು ಈ ಕೆಲಸಕ್ಕಿಳಿದ 24 ವರ್ಷ ನನಗೆ ಗೊತ್ತೇ ಇರಲಿಲ್ಲ.

ಮೊದಲ ನಮಸ್ಕಾರ ಆಶಾನ್‌ಗೆ, ಅಂದರೆ ಕೆಲಸ ಕಲಿಸಿದ ಗುರುವಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೇರಿದ್ದು ಕುಂಬಳೆಯಲ್ಲಿದ್ದ ಅವರ ಗ್ಯಾರೇಜಿಗೆ. ಆರು ತಿಂಗಳು ಸ್ಪ್ಯಾನರ್ ಒರೆಸುವುದೇ ಕೆಲಸ. ‘ಹನ್ನೆರಡು-ಹದಿಮೂರು’ ಎಂದರೆ ಪೆಟ್ಟಿಗೆಯತ್ತ ನೋಡದೆ ಕೈಹಾಕಿ ಕೊಡಬೇಕಿತ್ತು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ‘ಟ್ಯಾಪೆಟ್ ಅಲ್ಲ, ಬೇರಿಂಗ್’ ಎಂದರೆ ಬಿಚ್ಚಿದಾಗ ಬೇರಿಂಗೇ ಹೋಗಿರುತ್ತಿತ್ತು. ಅವರ ಹತ್ತಿರ ಯಾವ ಸರ್ಟಿಫಿಕೇಟೂ ಇರಲಿಲ್ಲ. ಇವತ್ತಿಗೂ ನನ್ನ ಕೈಯಲ್ಲಿರುವ ಕೆಲಸದಲ್ಲಿ ಹೆಚ್ಚಿನದು ಅವರದ್ದೇ.

ಹಾಗಿದ್ದರೆ ಈ ಪರೀಕ್ಷೆ ಯಾಕೆ ಬೇಕಾಯಿತು ಎಂದು ಕೆಲವರು ಕೇಳಿದರು. ಕಾರಣ 2020. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯ ಗಡಿ ಮುಚ್ಚಿತು, ಮಂಗಳೂರಿನಿಂದ ಬರುತ್ತಿದ್ದ ಪಾರ್ಟ್ಸ್ ನಿಂತಿತು. ಅದೇ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂತು. ಗ್ಯಾರೇಜ್ ಮತ್ತೆ ತೆರೆದ ಮೇಲೆ ಒಂದೊಂದಾಗಿ ಬರತೊಡಗಿದ ಹೊಸ ಸ್ಕೂಟರುಗಳಲ್ಲಿ ನಾನು ಹುಡುಕುತ್ತಿದ್ದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರೇ ಇರಲಿಲ್ಲ. ಕಾರ್ಬುರೇಟರ್ ಟ್ಯೂನಿಂಗಿಗೆ ನನ್ನನ್ನು ಹುಡುಕಿಕೊಂಡು ಬರುವವರಿದ್ದರು. ಆ ಹೆಸರೇ ಕೈಜಾರಿ ಹೋದಂತಾಯಿತು. ಕಾರುಗಳದ್ದೂ ಅದೇ ಕಥೆ, ಪ್ರತಿಯೊಂದಕ್ಕೂ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಬೇಕು. ಸಾಲ ಮಾಡಿ ಒಂದು ಸ್ಕ್ಯಾನರ್ ತಂದೆ. ಅದು ತೋರಿಸಿದ್ದನ್ನು ಓದಲು ಬರುತ್ತದೆ ಎಂದು ನಂಬಿಕೊಂಡೆ.

ತಪ್ಪಾದದ್ದು ಅಲ್ಲೇ. ನಮ್ಮೂರಿನ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮಾಷ್ಟ್ರೊಬ್ಬರ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಉರಿಯುತ್ತಿತ್ತು. ಸ್ಕ್ಯಾನರಿನಲ್ಲಿ ಪಿ0171 ಎಂಬ ಕೋಡ್ ಬಂತು. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ನಾನೇ ತೀರ್ಮಾನಿಸಿ ಹೊಸದು ಹಾಕಿದೆ, ಕೋಡ್ ಅಳಿಸಿದೆ, 6 ಸಾವಿರ ತೆಗೆದುಕೊಂಡೆ. ನಾಲ್ಕು ದಿನದಲ್ಲಿ ಅದೇ ಲೈಟ್, ಅದೇ ಕೋಡ್. ಕೊನೆಗೆ ಸಿಕ್ಕಿದ್ದು ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲಿನ ರಬ್ಬರ್ ಹೋಸಿನ ಮಡಿಕೆಯಲ್ಲಿ ಉಗುರಿನಷ್ಟುದ್ದದ ಒಂದು ಬಿರುಕು. ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಆಕ್ಸಿಜನ್ ಸೆನ್ಸರ್ ಸರಿಯಾಗಿಯೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ನಾನು ಅದನ್ನೇ ಕಿತ್ತು ಹಾಕಿದ್ದೆ.

ಹಣ ವಾಪಸು ಕೊಡಲು ಹೋದಾಗ ಮಾಷ್ಟ್ರು ತೆಗೆದುಕೊಳ್ಳಲಿಲ್ಲ. ‘ಉತ್ತರ ಮೊದಲೇ ಬರೆದು ಆಮೇಲೆ ಲೆಕ್ಕ ಮಾಡಿದ್ದೀಯ ನೀನು. ಸರಿಯಾಗಿ ಕಲಿ, ನಾನು ಹೇಳಿಕೊಡ್ತೇನೆ’ ಎಂದರು. ಖಾಸಗಿ ಅಭ್ಯರ್ಥಿಯ ವಿಷಯ ಪತ್ತೆಮಾಡಿದ್ದೂ ಅವರೇ. ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಜೆ ಏಳಕ್ಕೆ ಅವರ ಜಗಲಿಯಲ್ಲಿ ನಮ್ಮ ಪಾಠ ನಡೆಯಿತು. ವರ್ಕ್‌ಶಾಪ್ ಲೆಕ್ಕ ಬೇಗ ಹಿಡಿಯಿತು. ಸಿಲಿಂಡರಿನ ಸ್ಟ್ರೋಕಿನ ಗಾತ್ರ 250 ಸಿಸಿ, ಮೇಲೆ ಉಳಿಯುವ ಜಾಗ 25 ಸಿಸಿ ಆದರೆ ಕಂಪ್ರೆಶನ್ ಅನುಪಾತ 275 ಭಾಗಿಸು 25, ಅಂದರೆ 11. ದಿನಾ ಬಾಯಲ್ಲಿ ಹೇಳುತ್ತಿದ್ದ ‘ಕಂಪ್ರೆಶನ್ ಇಲ್ಲ’ ಎಂಬ ಮಾತಿಗೆ ಮೊದಲ ಸಲ ಒಂದು ಸಂಖ್ಯೆ ಸಿಕ್ಕಿತು. ಡ್ರಾಯಿಂಗ್ ಮಾತ್ರ ಬಹಳ ಕಾಡಿತು. ಮೇಲಿನಿಂದ ಕಂಡದ್ದನ್ನು ಹಾಳೆಯಲ್ಲಿ ಕೆಳಗೆ ಬರೆಯಬೇಕು. ಒಂದು ನಟ್ಟನ್ನು ಮಾಷ್ಟ್ರು ಮೇಜಿನ ಮೇಲೆ ಎಷ್ಟು ಸಲ ಹೊರಳಿಸಿ ತೋರಿಸಿದರೋ ಲೆಕ್ಕವಿಲ್ಲ.

ವಿದ್ಯಾನಗರದ ಐಟಿಐಯ ಇನ್‌ಸ್ಟ್ರಕ್ಟರಿಗೂ ನಾನು ಋಣಿ. ಅವರು ಮಲಯಾಳದಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮಲ್ಲಿ ಇದು ಯಾರಿಗೂ ಹೊಸತಲ್ಲ. ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನನ್ನು ಅವರು ಬರೀ ಮಲ್ಟಿಮೀಟರಿನಲ್ಲಿ ತೋರಿಸಿಕೊಟ್ಟರು. ಬ್ಯಾಟರಿ ಕಳಚಿ, ಸ್ಟಿಯರಿಂಗ್ ಅಡಿಯ 16 ಪಿನ್ನಿನ ಸಾಕೆಟಿನಲ್ಲಿ 6 ಮತ್ತು 14ನೇ ಪಿನ್ನಿಗೆ ಮೀಟರ್ ಇಡಿಸಿದರು. 60 ಓಮ್ ಬಂತು. ಲೈನಿನ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್, ಎರಡೂ ಪ್ಯಾರಲಲ್ ಆದ್ದರಿಂದ 60. ಮೀಟರ್ 120 ತೋರಿಸಿದರೆ ಒಂದು ಕಡೆ ಸಂಪರ್ಕ ಕಡಿದಿದೆ ಎಂದರ್ಥ. ಆ ವಾರವೇ ಒಂದು ಕಾರು ಬಂತು, ಮೀಟರಿನಲ್ಲಿ 120 ಬಂತು. ಯಾವ ಪಾರ್ಟೂ ಬದಲಿಸದೆ ಇಲಿ ಕಡಿದ ವಯರ್ ಹುಡುಕಿ ಜೋಡಿಸಿ ಕಳಿಸಿದೆ. ಗಿರಾಕಿಗೆ ಆದ ಖರ್ಚು 400 ರೂಪಾಯಿ. ಹಿಂದಿನ ನಾನಾಗಿದ್ದರೆ ಎಷ್ಟಾಗುತ್ತಿತ್ತೋ!

ಕೆಲಸ ಬಂದರೆ ಸಾಕು, ಪತ್ರ ಯಾಕೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಪತ್ರಕ್ಕಾಗಿ ಓದದೆ ಇದ್ದಿದ್ದರೆ ನಾನು ಅಂದಾಜಿನಲ್ಲೇ ಉಳಿಯುತ್ತಿದ್ದೆ, ಅಂದಾಜಿನ ದುಡ್ಡು ಗಿರಾಕಿಯ ಜೇಬಿನಿಂದ ಹೋಗುತ್ತಿತ್ತು. ಪತ್ರಕ್ಕೂ ಅದರದ್ದೇ ಬೆಲೆ ಉಂಟು. ನನ್ನ ಭಾವ ನನಗಿಂತ ಒಳ್ಳೆಯ ಕೆಲಸಗಾರ. ಗಲ್ಫಿನಲ್ಲಿ ಅವನು ಎಂಟು ವರ್ಷ ಹೆಲ್ಪರ್ ಸಂಬಳಕ್ಕೇ ದುಡಿದ. ಹೊರದೇಶದ ಕೇರಳೀಯರಿಗಾಗಿ ಇರುವ ಸರಕಾರಿ ಇಲಾಖೆ ನೋರ್ಕದಲ್ಲಿ ಅಟೆಸ್ಟ್ ಮಾಡಿಸಲು ಅವನ ಹತ್ತಿರ ಒಂದು ಟ್ರೇಡ್ ಸರ್ಟಿಫಿಕೇಟ್ ಇರಲಿಲ್ಲ. ಈ ಮಾತು ಬರೆಯುವಾಗ ಈಗಲೂ ನೋವಾಗುತ್ತದೆ.

ಥಿಯರಿ ಪರೀಕ್ಷೆ ಕಂಪ್ಯೂಟರಿನಲ್ಲಿತ್ತು. ಮೌಸ್ ಹಿಡಿಯುವುದನ್ನೂ, ಐಟಿಐ ಪಠ್ಯ ತಯಾರಿಸುವ ಚೆನ್ನೈಯ ನಿಮಿ ಸಂಸ್ಥೆಯ ಮಾಕ್ ಟೆಸ್ಟ್ ಮಾಡುವುದನ್ನೂ ಕಲಿಸಿದ್ದು ಮಗಳು. ತಪ್ಪಾದ ಪ್ರಶ್ನೆಗಳನ್ನು ಬೇರೆ ಪುಸ್ತಕದಲ್ಲಿ ಬರೆದು ಬೆಳಿಗ್ಗೆ ಚಾ ಕುಡಿಯುವಾಗ ಕೇಳುತ್ತಿದ್ದಳು. ಆ ಸಂಜೆಗಳಲ್ಲೆಲ್ಲ ಗಿರಾಕಿಗಳಿಗೆ ಉತ್ತರ ಹೇಳಿ, ಬಿಲ್ಲು ಬರೆದು, ಸ್ಕ್ಯಾನರಿನ ಸಾಲದ ಕಂತನ್ನು ಒಂದೂ ತಪ್ಪದಂತೆ ಕಟ್ಟಿದ್ದು ನನ್ನ ಹೆಂಡತಿ. ಸರ್ಟಿಫಿಕೇಟಿನಲ್ಲಿ ಅವಳ ಹೆಸರಿಗೆ ಜಾಗವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗ್ಯಾರೇಜಿನ ಹುಡುಗ ನನ್ನ ಪಾಲಿನ ಸರ್ವೀಸ್ ಕೆಲಸವನ್ನೂ ಎಳೆದ. ಮುಂದಿನ ಸಲ ಅವನ ಅರ್ಜಿ, ಫೀಸು ನನ್ನದು.

ಪತ್ರ ಕೈಗೆ ಬಂದ ಭಾನುವಾರ ಆಶಾನ್ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹಾಳೆಯನ್ನು ಬೆರಳಲ್ಲಿ ಸವರಿ ನೋಡಿ, ‘ಎಂಜಿನ್ ಹೆಡ್ಡಿನ ಬೋಲ್ಟನ್ನು ಯಾಕೆ ನಡುವಿನಿಂದ ಟೈಟ್ ಮಾಡುವುದೂಂತ ಅವರು ಹೇಳಿಕೊಟ್ರಾ?’ ಎಂದು ಕೇಳಿದರು. ಕಲಿತದ್ದನ್ನು ಹೇಳಿದೆ. ತುದಿಗಳನ್ನು ಮೊದಲು ಬಿಗಿದರೆ ಒತ್ತಡ ಸಮನಾಗಿ ಕೂರುವುದಿಲ್ಲ, ಹೆಡ್ ಬಾಗಬಹುದು, ಗ್ಯಾಸ್ಕೆಟ್ ಲೀಕ್ ಆಗುತ್ತದೆ. ಅದಕ್ಕೇ ನಡುವಿನಿಂದ ಹೊರಗೆ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲಿ. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನನ್ನ ಆಶಾನೂ ಹಾಗೆಯೇ ಮಾಡ್ತಿದ್ದರು. ಯಾಕೆಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಗೊತ್ತಾಯ್ತು’ ಎಂದರು. ಆಮೇಲೆ ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ.

ಮಾಷ್ಟ್ರೇ, ನಿಮ್ಮ ಕಾರಿನ ಸರ್ವೀಸ್ ಈ ತಿಂಗಳು ಉಂಟು. ನೀವು ಎಷ್ಟು ಬೈದರೂ ಬಿಲ್ಲು ಕೊಡುವುದಿಲ್ಲ. ಉಳಿದವರ ಗಾಡಿಗಳಿಗೆ ಗ್ಯಾರೇಜ್ ಸೋಮವಾರದಿಂದ ಎಂದಿನಂತೆ ಬೆಳಿಗ್ಗೆ ಎಂಟೂವರೆಗೆ ತೆರೆದಿರುತ್ತದೆ.