ರದ್ದಾದ ಪ್ರವಾಸದ ಮುಂಗಡ ತಾನಾಗಿಯೇ ಮರಳಲಿ

ಮಾನ್ಯ ಸಂಪಾದಕರೇ,

ಪ್ರವಾಸೋದ್ಯಮದಲ್ಲಿ ಬ್ಲಾಕ್‌ಚೈನ್ (ಹಲವರು ಹಂಚಿಕೊಳ್ಳುವ ಡಿಜಿಟಲ್ ಲೆಕ್ಕದ ಪುಸ್ತಕ) ಬಳಸಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ಕ್ರಿಪ್ಟೊ ನಾಣ್ಯ, ಟೋಕನ್‌ಗಳ ಕಡೆಗೇ ಹೊರಳುತ್ತದೆ. ಸಾಮಾನ್ಯ ಪ್ರವಾಸಿಗೆ ಈ ತಂತ್ರಜ್ಞಾನದಿಂದ ಆಗಬೇಕಾದ ಕೆಲಸ ಬೇರೆಯೇ ಇದೆ. ಪ್ರವಾಸ ರದ್ದಾದಾಗ, ಕೊಟ್ಟ ಮುಂಗಡ ಯಾರನ್ನೂ ಅಂಗಲಾಚದೆ ಹಿಂದಿರುಗಬೇಕು.

2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ, ಮೂಡಿಗೆರೆ ಕಡೆಯ ಹೋಂಸ್ಟೇಯೊಂದಕ್ಕೆ ಹೊರಟಿದ್ದ ನಮ್ಮ ಕುಟುಂಬ ಮನೆಯಲ್ಲೇ ಉಳಿಯಿತು. ಹಣ ಕೇಳಿದರೆ ಬುಕಿಂಗ್ ಜಾಲತಾಣದವರು ಹೋಂಸ್ಟೇಯತ್ತ ಬೆರಳು ತೋರಿಸಿದರು. ಹೋಂಸ್ಟೇ ನಡೆಸುವ ದಂಪತಿ ದುಡ್ಡು ಇನ್ನೂ ತಮ್ಮ ಕೈ ಸೇರಿಲ್ಲ ಎಂದರು. ಅವರು ಹೇಳಿದ್ದು ನಿಜವೆಂದು ತಿಳಿಯುವ ಹೊತ್ತಿಗೆ ಮೂರು ತಿಂಗಳು ಕಳೆದಿದ್ದವು. ಆ ದಂಪತಿಯ ಜೊತೆ ನಿಷ್ಠುರವಾಗಿ ಮಾತನಾಡಿದ್ದಕ್ಕೆ ಇಂದಿಗೂ ನನಗೆ ಬೇಸರವಿದೆ.

ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಲಾಗದ ಇಂಥ ಕಡೆಯೇ ಬ್ಲಾಕ್‌ಚೈನ್‌ಗೆ ಅರ್ಥವಿದೆ. ಒಂದೇ ಲೆಕ್ಕದ ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇದ್ದು, ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ಹೊತ್ತಿರುವುದರಿಂದ, ಹಳೆಯ ನಮೂದನ್ನು ಒಬ್ಬರೇ ಗುಟ್ಟಾಗಿ ತಿದ್ದಲಾಗದು. ಮೊದಲೇ ಒಪ್ಪಿದ ಷರತ್ತು ಈಡೇರಿದೊಡನೆ ಹಣ ಪಾವತಿಸುವ 'ಸ್ಮಾರ್ಟ್ ಕಾಂಟ್ರ್ಯಾಕ್ಟ್' ಎಂಬ ತಂತ್ರಾಂಶ ಅದರೊಳಗೇ ಕೆಲಸ ಮಾಡುತ್ತದೆ. ಫ್ರಾನ್ಸ್‌ನ ಆಕ್ಸಾ ವಿಮಾ ಸಂಸ್ಥೆ 2017ರಲ್ಲಿ ತಂದ 'ಫಿಜ್ಜಿ' ಎಂಬ ವಿಮೆ ಇದನ್ನೇ ಮಾಡಿತು: ವಿಮಾನ ಎರಡು ಗಂಟೆಗಿಂತ ತಡವಾದರೆ ಅರ್ಜಿಯಿಲ್ಲದೆ ಪರಿಹಾರ ಸಿಗುತ್ತಿತ್ತು. ಸಾಕಷ್ಟು ಗ್ರಾಹಕರು ಸಿಗದೆ 2019ರಲ್ಲಿ ಅದು ನಿಂತಿತು.

ಆದರೆ ತಡವಾಯಿತೆಂದು ಆ ಪುಸ್ತಕಕ್ಕೆ ಹೇಳುವವರು ಯಾರು? ತಪ್ಪು ಮಾಹಿತಿ ಒಳಹೊಕ್ಕರೆ ಅದೂ ಅಳಿಸಲಾಗದಂತೆ ಕೂತುಬಿಡುತ್ತದೆ. ಒಂದೇ ವಿಮಾನದ ಬಗ್ಗೆ ವಿಮಾನಸಂಸ್ಥೆ ಒಂದು ವೇಳೆ, ನಿಲ್ದಾಣ ಇನ್ನೊಂದು ವೇಳೆ ಹೇಳುವ ತೊಡಕನ್ನು ಬಿಡಿಸಲೆಂದೇ ವಿಮಾನಯಾನಕ್ಕೆ ಮಾಹಿತಿ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯು ಹೀಥ್ರೊ, ಜಿನೀವಾ, ಮಯಾಮಿ ನಿಲ್ದಾಣಗಳ ಜೊತೆ 'ಫ್ಲೈಟ್‌ಚೈನ್' ಪ್ರಯೋಗ ನಡೆಸಿತ್ತು. ನಮ್ಮ ಘಟ್ಟದ ಊರುಗಳಲ್ಲಿ ಪುಸ್ತಕಕ್ಕೆ ಸುದ್ದಿ ಹೇಳುವ ಆ ಜಾಗದಲ್ಲಿ ನಿಲ್ಲಬೇಕಾದದ್ದು ರಸ್ತೆ ಬಂದ್ ಮಾಡುವ ಜಿಲ್ಲಾಧಿಕಾರಿಗಳ ಆದೇಶ.

ಎಲ್ಲ ಕಡೆಗೂ ಇದು ಬೇಕಿಲ್ಲ. ರೈಲು ಮೂರು ಗಂಟೆಗಿಂತ ತಡವಾಗಿ ಪ್ರಯಾಣ ಕೈಬಿಟ್ಟವರು ಪೂರ್ಣ ಹಣ ಪಡೆಯಲು ಟಿಡಿಆರ್ ಎಂಬ ಹಣ ವಾಪಸಾತಿ ಅರ್ಜಿ ಸಲ್ಲಿಸಬೇಕು. ಟಿಕೆಟ್, ಹಣ, ರೈಲಿನ ವೇಳೆ ಮೂರೂ ರೈಲ್ವೆಯ ಬಳಿಯೇ ಇರುವಾಗ ಅಲ್ಲಿ ನಿಯಮ ಸರಳಗೊಳಿಸಿದರೆ ಸಾಕು.

ಪ್ರವಾಸೋದ್ಯಮ ಇಲಾಖೆಯು ಚಿಕ್ಕಮಗಳೂರು ಅಥವಾ ಕೊಡಗಿನ ನೋಂದಾಯಿತ ಹೋಂಸ್ಟೇಗಳಲ್ಲಿ ಒಂದು ಮಳೆಗಾಲ ಇದನ್ನು ಪರೀಕ್ಷಿಸಲಿ. ಅತಿಥಿ ಬಂದ ದಿನವೇ ಮಾಲೀಕರಿಗೆ ಹಣ ಸೇರಲಿ, ರಸ್ತೆ ಮುಚ್ಚಿದರೆ ಅತಿಥಿಗೆ ಮರಳಲಿ. ಒಮ್ಮೆ ಬರೆದದ್ದನ್ನು ಅಳಿಸಲಾಗದ ಪುಸ್ತಕವಾದ್ದರಿಂದ, ಅತಿಥಿಗಳ ಆಧಾರ್ ಸಂಖ್ಯೆ, ಫೋನ್ ಸಂಖ್ಯೆಗಳನ್ನು ಮಾತ್ರ ಅದರಲ್ಲಿ ಬರೆಯಕೂಡದು.

ಇಂತಿ,
ಓರ್ವ ಓದುಗ, ಮಂಗಳೂರು